ತವರಿಗೆ ಹೋಗದ ಕರೆ

ದೂರು ಬಂದದ್ದು ಮಂಗಳವಾರ ಬೆಳಿಗ್ಗೆ, ಹನ್ನೊಂದೂಕಾಲರ ಹೊತ್ತಿಗೆ. ಬಂದವಳು ಅರವತ್ತರ ಆಸುಪಾಸಿನ ಹೆಂಗಸು. ಸೆರಗಿನ ತುದಿಗೆ ಎರಡು ಗುಂಡುಸೂಜಿ ಚುಚ್ಚಿಕೊಂಡಿದ್ದಳು, ಬೆರಳ ತುದಿಗಳು ಸೂಜಿ ತಾಗಿ ತಾಗಿ ಒರಟಾಗಿದ್ದವು. ಹೊಲಿಗೆಯವಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಎದುರಿನ ಬೆಂಚಿನ ಮೇಲೆ ಕೂತು ಅವಳು ಹೇಳಿದ ಮೊದಲ ಮಾತು ಇದು:

"ನನ್ನ ಮಗಳು ದಿನಾ ಸಂಜೆ ಫೋನ್ ಮಾಡ್ತಾಳೆ. ಅದು ನನ್ನ ಮಗಳಲ್ಲ."

ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಎಲ್ಲರೂ ಮೀಸೆ ಎನ್ನುತ್ತಿದ್ದರು. ಅವನು ಪೆನ್ನು ಕೆಳಗಿಟ್ಟ. "ಅಮ್ಮ, ಮಕ್ಕಳು ಫೋನ್ ಮಾಡಲ್ಲ ಅಂತ ಕಂಪ್ಲೇಂಟ್ ಕೊಡೋರನ್ನ ದಿನಾ ನೋಡ್ತೀನಿ. ಮಾಡ್ತಾರೆ ಅಂತ ಬಂದೋರು ನೀವೇ ಮೊದಲು."

"ನಗ್ಬೇಡಪ್ಪ. ನಗೋ ಹಾಗಿದ್ದಿದ್ರೆ ಮನೇಲೇ ನಕ್ಕೊಂಡು ಕೂತಿರ್ತಿದ್ದೆ."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್‌ಗೆ ಈ ಮಾತು ಕೇಳಿಸಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವಳು ಹೇಳಿಕೆಗಳಿಗಿಂತ ದನಿಗಳನ್ನೇ ಹೆಚ್ಚು ನಂಬಿದವಳು. ಅಳುವವರ ದನಿಯಲ್ಲಿ ಸುಳ್ಳು ಇರಬಹುದು, ಕೂಗುವವರ ದನಿಯಲ್ಲೂ ಇರಬಹುದು. ಹೀಗೆ ದಾರ ಕಚ್ಚಿ ಕತ್ತರಿಸಿದಂತೆ ಮಾತಾಡುವವರಲ್ಲಿ ಕಡಿಮೆ. ಆ ಹೆಂಗಸನ್ನು ಒಳಗೆ ಕರೆಸಿದಳು.

ಹೇಳಿಕೆ ನೇರವಾಗಿತ್ತು. ಒಬ್ಬಳೇ ಮಗಳು, ಮನೆಯಲ್ಲಿ ಕರೆಯುವ ಹೆಸರು ಗುಬ್ಬಿ. ಮದುವೆಯಾಗಿ ಎರಡನೆಯ ವರ್ಷ. ಅಳಿಯ ಸರಕು ಹಡಗಿನಲ್ಲಿ ಎಂಜಿನಿಯರ್, ತಿಂಗಳುಗಟ್ಟಲೆ ಸಮುದ್ರದ ಮೇಲಿರುವವನು. ಹಡಗಿನ ಕಂಪನಿ ಹೊರದೇಶದ ಬಂದರಿನಲ್ಲಿ ಮನೆ ಕೊಟ್ಟಿತ್ತು. ಗುಬ್ಬಿ ಅಲ್ಲಿಗೆ ಹೋದಳು. ಹೊಸಬಳು, ಒಂಟಿಯಾಗಿರಬಾರದು ಎಂದು ಅಳಿಯನ ಅಕ್ಕ ಜೊತೆಗೆ ಹೋದಳು. ಅಪ್ಪ ಅಮ್ಮ ತೀರಿಹೋದ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು.

"ಅಲ್ಲಿಗೆ ಹೋದ್ಮೇಲೂ ನಿಮ್ಮ ಮಗಳು ಇಲ್ಲಿನ ನಂಬರೇ ಇಟ್ಕೊಂಡಿದ್ಳಾ?"

"ನನ್ನದು ಗುಂಡಿ ಫೋನಮ್ಮ. ಮುಖ ಕಾಣೋ ಫೋನು ನನಗೆ ಬರಲ್ಲ. ಹಳೇ ನಂಬರಲ್ಲೇ ಮಾಡ್ತೀನಿ, ನೀನು ಹುಡುಕಬೇಡ ಅಂದಿದ್ಳು."

"ಯಾವಾಗಿಂದ ಅನುಮಾನ?"

"ಚಳಿಗಾಲದಲ್ಲಿ ಒಂದು ವಾರ ಫೋನೇ ಇರಲಿಲ್ಲ. ಆಮೇಲೆ ಶುರುವಾಯ್ತು. ದನಿ ಅವಳದೇ. ಆದ್ರೆ ಗುಬ್ಬಿ ಫೋನ್ ಮುಗಿಸೋವಾಗ 'ಬರ್ತೀನಮ್ಮ' ಅಂತಿದ್ಳು. ಚಿಕ್ಕೋಳಿಂದ 'ಹೋಗ್ತೀನಿ' ಅನ್ಬಾರದು ಅಂತ ಕಲಿಸಿದ್ದೆ. ಇವಳು 'ಇಡ್ತೀನಮ್ಮ' ಅಂತಾಳೆ."

"ಅಷ್ಟಕ್ಕೇನಾ?"

"ಅಷ್ಟಕ್ಕೇ ಬರೋಕೆ ನನಗೇನು ಹುಚ್ಚಾ? ಹೋದ ವಾರ ಸುಮ್ನೆ ಹೇಳ್ದೆ, ನಿಮ್ಮ ಸೋದರತ್ತೆ ಕಾಲು ಮುರ್ಕೊಂಡ್ರು ಅಂತ. 'ಅಯ್ಯೋ ಪಾಪ, ಈಗ ನಡೀತಾರಾ' ಅಂದ್ಳು." ಹೊಲಿಗೆಯಮ್ಮ ಸೆರಗಿನ ಗುಂಡುಸೂಜಿ ಸರಿಮಾಡಿಕೊಂಡಳು. "ಅವಳಪ್ಪನಿಗೆ ಅಕ್ಕ ತಂಗೀರೇ ಇಲ್ಲ."

ಬಾಗಿಲ ಬಳಿ ನಿಂತಿದ್ದ ಮೀಸೆ ತನ್ನ ಮೀಸೆಯಿಂದ ಕೈ ತೆಗೆದ.

ಇನ್ನೂ ಒಂದು ಸಾಕ್ಷ್ಯ ತನ್ನ ಬಳಿ ಇದೆ ಎಂದು ಅವಳ ನಂಬಿಕೆ. ಹಿಂದೆ ತಂಗಿಯ ಮಗ ಹೊರದೇಶದಲ್ಲಿದ್ದಾಗ ಅವನಿಗೆ ಫೋನ್ ಮಾಡಿದರೆ ಬೇರೆ ಥರದ ರಿಂಗು ಕೇಳುತ್ತಿತ್ತು, ಉದ್ದಕ್ಕೆ ಎಳೆದ ಹಾಗೆ. ಗುಬ್ಬಿಗೆ ಮಾಡಿದರೆ ನಮ್ಮೂರಿನ ರಿಂಗೇ. "ಈ ಫೋನ್ ಮಾಡೋಳು ಆ ದೇಶದಲ್ಲಿಲ್ಲ. ಇಲ್ಲೇ ಎಲ್ಲೋ ಇದಾಳೆ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡಳು. ಬೇರೆಯವರ ಸೋಗು ಹಾಕಿ ವಂಚಿಸಿದ್ದು ಹಾಗೂ ಹೆಂಗಸು ಕಾಣೆಯಾಗಿದ್ದು, ಎರಡನ್ನೂ ಸೇರಿಸಿ ಎಫ್‌ಐಆರ್ ದಾಖಲಾಯಿತು.

ಅಂದು ಸಂಜೆ ಇನ್‌ಸ್ಪೆಕ್ಟರ್ ಮಫ್ತಿಯಲ್ಲಿ ಹೊಲಿಗೆಯಮ್ಮನ ಮನೆಗೆ ಹೋದಳು. ಒಂದೇ ಕೋಣೆ. ಗೋಡೆಗೆ ಆತುಕೊಂಡ ಮಷೀನು, ಅದರ ಪಕ್ಕ ಇನ್ನೂ ಗುಂಡಿ ಹಾಕದ ಶಾಲೆಯ ಅಂಗಿಗಳ ರಾಶಿ. ಆರು ಗಂಟೆಗೆ ಫೋನು ಬಡಿದುಕೊಂಡಿತು. ಹೊಲಿಗೆಯಮ್ಮ ಸ್ಪೀಕರ್ ಒತ್ತಿದಳು.

"ಅಮ್ಮಾ."

ತೆಳುವಾದ ದನಿ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೇಳುವ ದನಿ. ಅದರ ಹಿಂದೆ ಏನೂ ಇರಲಿಲ್ಲ. ಪಾತ್ರೆಯ ಸದ್ದಿಲ್ಲ, ಬೀದಿಯಿಲ್ಲ, ಫ್ಯಾನಿಲ್ಲ. ಬಟ್ಟೆ ತುಂಬಿದ ಬೀರುವಿನೊಳಗೆ ಕೂತು ಮಾತಾಡಿದ ಹಾಗೆ.

"ಏನ್ ಮಗು, ಊಟ ಆಯ್ತಾ?"

"ಇಲ್ಲಮ್ಮ. ಯಾಕೋ ಬೇಡ ಅನ್ಸ್ತು."

"ಬೇಡ ಅಂದ್ರೆ ಹೊಟ್ಟೆ ಕೇಳತ್ತಾ? ಒಂದು ತುತ್ತಾದ್ರೂ ಉಣ್ಣು. ತಲೆನೋವು ಹೋಯ್ತಾ?"

"ನೀನು ಹೇಳಿದ ಹಾಗೆ ಎಣ್ಣೆ ಹಚ್ಕೊಂಡೆ. ಹೋಯ್ತು. ಇನ್ನೂ ಏನಾದ್ರೂ ಕೇಳಮ್ಮ."

ಇನ್‌ಸ್ಪೆಕ್ಟರ್ ಫೋನಿನ ಕಡೆ ಬಾಗಿದಳು. ಅಮ್ಮನಿಗೆ ಫೋನ್ ಮಾಡಿ 'ಇನ್ನೂ ಏನಾದ್ರೂ ಕೇಳು' ಎನ್ನುವ ಮಗಳನ್ನು ಅವಳು ಕಂಡಿರಲಿಲ್ಲ. ಹೆಣ್ಣುಮಕ್ಕಳು ಅಮ್ಮನ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುತ್ತಾರೆ. ಅವಳೂ ತಪ್ಪಿಸಿಕೊಂಡವಳೇ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಲಕಿದ್ದು ಎದುರಿಗಿದ್ದ ಮುಖ. ಇದು ಮಗಳಲ್ಲ ಎಂದು ಠಾಣೆಯಲ್ಲಿ ಬರೆಸಿ ಬಂದ ಹೆಂಗಸು ಫೋನನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು.

ಕರೆ ಮುಗಿದ ಮೇಲೆ ಕೇಳಿದಳು, "ಮೂರು ತಿಂಗಳಿಂದ ಯಾಕೆ ಸುಮ್ನಿದ್ರಿ?"

"ಕಂಪ್ಲೇಂಟ್ ಕೊಟ್ರೆ ಈ ದನೀನೂ ಹೋಗತ್ತೆ ಅಂತ." ಹೊಲಿಗೆಯಮ್ಮ ಒಂದು ಅಂಗಿ ಎತ್ತಿಕೊಂಡು ಗುಂಡಿಯ ಜಾಗ ಹುಡುಕತೊಡಗಿದಳು. "ಇವಳು ಯಾರು ಅಂತ ನನಗೆ ಬೇಡಮ್ಮ. ನನ್ನ ಗುಬ್ಬಿ ಎಲ್ಲಿ ಅಂತ ಹೇಳಿ. ಇದ್ರೆ ಎಲ್ಲಿ, ಇಲ್ದಿದ್ರೆ ಎಲ್ಲಿ."

ಮರುದಿನ ಠಾಣೆಯಿಂದ ಎರಡು ಪತ್ರ ಹೊರಟವು, ಒಂದು ಹಡಗಿನ ಕಂಪನಿಗೆ, ಇನ್ನೊಂದು ಮೊಬೈಲ್ ಕಂಪನಿಗೆ. ಹಡಗಿನಿಂದ ಅಳಿಯನೇ ಉಪಗ್ರಹದ ಫೋನಿನಲ್ಲಿ ಸಿಕ್ಕ. ಮಾತು ತಲುಪಿ ಉತ್ತರ ಬರುವ ನಡುವೆ ಒಂದು ಉಸಿರಿನಷ್ಟು ಅಂತರ.

"ನಿಮ್ಮ ಹೆಂಡತಿ ಎಲ್ಲಿದ್ದಾರೆ?"

"ತವರಲ್ಲಿ, ಮೇಡಂ."

"ಯಾರು ಹೇಳಿದ್ದು?"

"ಅವಳೇ ಮೆಸೇಜ್ ಮಾಡಿದಾಳೆ. ಮುನಿಸ್ಕೊಂಡು ಹೋಗಿದಾಳೆ, ಸದ್ಯ ಮಾತು ಬೇಡ ಅಂತಾಳೆ. ದೊಡ್ಡಕ್ಕನೂ ಅದೇ ಹೇಳಿದ್ಳು. ನಾನು ದಡ ಸೇರಿದ ಮೇಲೆ ಹೋಗಿ ಕರ್ಕೊಂಡು ಬರೋಣ ಅಂತ… ಯಾಕೆ ಮೇಡಂ? ಅತ್ತೆ ಏನಾದ್ರೂ ಅಂದ್ರಾ?"

ಇನ್‌ಸ್ಪೆಕ್ಟರ್ ತಿರುಗಿ, ದೊಡ್ಡಕ್ಕ ಈಗ ಎಲ್ಲಿದ್ದಾಳೆ ಎಂದು ಕೇಳಿದಳು. ಬಂದರಿನ ಮನೆಯಲ್ಲೇ ಇದ್ದಾಳೆ ಎಂದ.

ಫೋನ್ ಇಟ್ಟ ಮೇಲೆ ಅವಳು ಎರಡೂ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಗಂಡನ ಲೆಕ್ಕದಲ್ಲಿ ಹೆಂಡತಿ ತವರಿನಲ್ಲಿದ್ದಾಳೆ. ತವರಿನ ಲೆಕ್ಕದಲ್ಲಿ ಮಗಳು ಗಂಡನ ಮನೆಯಲ್ಲಿದ್ದಾಳೆ. ಎರಡೂ ಕಡೆಯವರು ನೆಮ್ಮದಿಯಾಗಿ ಇನ್ನೊಂದು ಕಡೆ ಕೈ ತೋರಿಸುತ್ತಿದ್ದಾರೆ. ಒಬ್ಬ ಹೆಣ್ಣನ್ನು ಲೋಕದಿಂದ ಅಳಿಸಿಹಾಕಲು ಇಷ್ಟು ಸಾಕಾಯಿತಲ್ಲ.

ಮೊಬೈಲ್ ಕಂಪನಿಯ ಕಟ್ಟಡದಲ್ಲಿ ಅವರನ್ನು ಕೂರಿಸಿದ್ದು ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ. ಗಾಜಿನ ಗೋಡೆಯ ಆಚೆ ಕಪ್ಪು ಕಪಾಟುಗಳ ಸಾಲು, ಅವುಗಳ ಮೇಲೆ ಮಿಣುಕುವ ಹಸಿರು ದೀಪಗಳು. ಜಾಲದ ಎಂಜಿನಿಯರ್ ಮೂವತ್ತೈದರ ಹೆಂಗಸು. ಹೆಗಲ ಮೇಲೆ ಶಾಲು, ಕೈಯಲ್ಲಿ ಆರಿದ ಚಹಾ.

ಮೀಸೆ ಹುರುಪಿನಿಂದ ರಿಂಗಿನ ಸಾಕ್ಷ್ಯ ಮುಂದಿಟ್ಟ. ಎಂಜಿನಿಯರ್ ತಲೆಯಾಡಿಸಿದಳು.

"ಅದು ಹಳೇ ಕಾಲದ ಲೆಕ್ಕ, ಸರ್. ಆಗ ಹೊರದೇಶಕ್ಕೆ ಹೋದ ಫೋನಿನ ಮಾತನ್ನ ಅಲ್ಲಿನ ಜಾಲವೇ ನೋಡ್ಕೊಳ್ತಿತ್ತು, ರಿಂಗೂ ಅಲ್ಲಿಂದೇ. ಈಗ ಮಾತು, ವಿಡಿಯೊ, ಎಲ್ಲ ಇಂಟರ್ನೆಟ್ಟಿನಲ್ಲಿ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹೋಗತ್ತೆ. ಅವುಗಳನ್ನ ಜೋಡಿಸೋ ಯಂತ್ರ ಇಲ್ಲಿದೆ." ಗಾಜಿನ ಆಚೆ ತೋರಿಸಿದಳು. "ಫೋನು ಯಾವ ದೇಶದಲ್ಲಿ ಆನ್ ಆದ್ರೂ ಅಲ್ಲಿನ ಜಾಲ ಬರೀ ದಾರಿ ಕೊಡತ್ತೆ. ಫೋನು ಆ ದಾರೀಲಿ ಇಲ್ಲಿವರೆಗೂ ಬಂದು ಹೆಸರು ಹೇಳ್ಬೇಕು. 'ಹೌದು, ಇದು ನಮ್ಮದೇ' ಅಂತ ಇಲ್ಲಿಂದ ಹೇಳಿದ್ರೇನೇ ಮುಂದಿನ ಮಾತು. ಅದಕ್ಕೇ ನಾವು ಇದಕ್ಕೆ ತವರು ಜಾಲ ಅಂತೀವಿ. ಅಲ್ಲಿ ಕೂತು ಅಲ್ಲೇ ಪಕ್ಕದ ಮನೆಗೆ ಫೋನ್ ಮಾಡಿದ್ರೂ ಮಾತು ಮೊದಲು ತವರಿಗೆ ಬಂದೇ ಹೋಗ್ಬೇಕು. ಹಾಗಾಗಿ ರಿಂಗು ಯಾವಾಗ್ಲೂ ತವರಿಂದೇ."

"ನಮ್ಮನೆಯವಳೂ ಹಾಗೇ," ಎಂದ ಮೀಸೆ. "ಸಾರಿಗೆ ಉಪ್ಪು ಎಷ್ಟು ಅಂದ್ರೂ ಮೊದಲು ತವರಿಗೆ ಫೋನು."

ಎಂಜಿನಿಯರ್ ಪರದೆಯನ್ನು ತಿರುಗಿಸಿದಳು. ಗುಬ್ಬಿಯ ಫೋನು ಬಂದರಿನ ದೇಶದ ಜಾಲದ ಮೂಲಕ ತವರಿಗೆ ಹೆಸರು ಹೇಳುತ್ತ ಬಂದಿತ್ತು, ಜನವರಿ ಒಂಬತ್ತರವರೆಗೆ. ಆಮೇಲೆ ಕೆಲವು ದಿನ ಸುದ್ದಿಯಿಲ್ಲ. ಮತ್ತೆ ಕಾಣಿಸಿಕೊಂಡಾಗ ಅದು ಯಾವ ಮೊಬೈಲ್ ಜಾಲದಿಂದಲೂ ಬಂದಿರಲಿಲ್ಲ.

"ವೈಫೈ," ಎಂದಳು ಎಂಜಿನಿಯರ್. "ಫೋನನ್ನ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮನೆ ವೈಫೈಯಿಂದ ಕರೆ ಮಾಡ್ತಿದಾರೆ. ಟವರ್ ಇಲ್ಲ, ಹಾಗಾಗಿ ಎಲ್ಲಿದೀವಿ ಅಂತ ಗೊತ್ತಾಗಲ್ಲ ಅಂದ್ಕೊಂಡಿದಾರೆ. ಆದ್ರೆ ವೈಫೈಯಿಂದ ತವರಿಗೆ ಬರೋರಿಗೂ ಒಂದು ಹಿತ್ತಿಲ ಬಾಗಿಲಿದೆ. ಯಾವ ಇಂಟರ್ನೆಟ್ ವಿಳಾಸದಿಂದ ಬಂದ್ರು ಅಂತ ಆ ಬಾಗಿಲು ಬರೆದಿಟ್ಕೊಳ್ಳತ್ತೆ." ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟಳು. "ಇದು ಇದೇ ಊರಿನ ಬ್ರಾಡ್‌ಬ್ಯಾಂಡ್."

ರಿಂಗಿನ ಲೆಕ್ಕ ತಪ್ಪಾಗಿತ್ತು. ಹೊಲಿಗೆಯಮ್ಮ ಹೇಳಿದ್ದು ಮಾತ್ರ ನಿಜವಾಗಿತ್ತು.

ಇನ್‌ಸ್ಪೆಕ್ಟರ್ ಎದ್ದಳು. ಎಂಜಿನಿಯರ್ ಏಳಲಿಲ್ಲ. ಅವಳ ಬೆರಳು ಪರದೆಯ ಮೇಲೆ ಜನವರಿ ಒಂಬತ್ತರ ಕೊನೆಯ ಸಾಲಿನ ಬಳಿ ನಿಂತಿತ್ತು.

"ಇಲ್ಲೊಂದು ಖಾಲಿ ಇದೆ, ಮೇಡಂ. ಫೋನು ಚಾಲೂ ಇದೆ, ಅಲ್ಲಿನ ಜಾಲದಲ್ಲೇ ಇದೆ. ಆದ್ರೆ ಹತ್ತು ಹನ್ನೆರಡು ನಿಮಿಷ ನಮ್ಮ ಹತ್ರ ಬರೋ ಒಂದು ಮಾತೂ ಬಂದಿಲ್ಲ. ಇಂಥ ಖಾಲಿಗೆ ಸಾಮಾನ್ಯವಾಗಿ ಒಂದೇ ಅರ್ಥ." ಚಹಾದ ಲೋಟವನ್ನು ದೂರ ಸರಿಸಿದಳು. "ಎಲ್ಲ ಕರೆಯೂ ತವರಿಗೆ ಬರತ್ತೆ ಅಂದ್ನಲ್ಲ. ಒಂದು ಕರೆ ಬರಲ್ಲ. ತುರ್ತು ಕರೆ. ಕಾಪಾಡಿ ಅಂತ ಒತ್ತಿದ್ರೆ ಅದನ್ನ ಅಲ್ಲಿನ ಜಾಲವೇ ತಗೊಂಡು ಅಲ್ಲಿನ ಪೊಲೀಸರಿಗೆ ಕೊಡತ್ತೆ. ತವರಿಗೆ ಬಂದು ಹೋಗೋಷ್ಟು ಹೊತ್ತಿರಲ್ಲ ಅಂತ. ತವರಿಗೆ ಅದು ಗೊತ್ತೇ ಆಗಲ್ಲ."

ಹಿಂದಿರುಗುವಾಗ ಜೀಪಿನಲ್ಲಿ ಮೀಸೆ ಏನೋ ಹೇಳುತ್ತಿದ್ದ, ಇನ್‌ಸ್ಪೆಕ್ಟರ್‌ಗೆ ಕೇಳಿಸಲಿಲ್ಲ. ಸುಟ್ಟ ಮೈ, ಮುರಿದ ಕೈ, ಬಾವಿಯ ದಂಡೆ, ಎಷ್ಟು ಪ್ರಕರಣಗಳನ್ನು ಅವಳು ನೋಡಿಲ್ಲ. ಪ್ರತಿ ಸಲವೂ ಹೆಣ್ಣಿನ ಕಡೆಯವರು ಹೇಳುವುದು ಒಂದೇ ಮಾತು: ದಿನಾ ಫೋನ್ ಮಾಡ್ತಿದ್ಳು, ಚೆನ್ನಾಗಿದೀನಿ ಅಂತಿದ್ಳು. ಉಪ್ಪಿನ ಲೆಕ್ಕ, ತಲೆನೋವು, ಹೊಸ ಪರದೆಯ ಬಣ್ಣ, ಎಲ್ಲ ತವರಿಗೆ ಹೋಗುತ್ತವೆ. ಆ ಒಂದು ಕರೆ ಹೋಗುವುದಿಲ್ಲ. ಯಂತ್ರ ಕಟ್ಟಿದವರಿಗೆ ಇದು ಹೇಗೆ ಗೊತ್ತಾಯಿತೋ ಎನ್ನಿಸಿತು.

ಹೊರದೇಶದ ಪೊಲೀಸರಿಗೆ ಕೋರಿಕೆ ಅಂದೇ ಹೋಯಿತು.

ಬ್ರಾಡ್‌ಬ್ಯಾಂಡಿನ ವಿಳಾಸ ಊರಿನ ಇನ್ನೊಂದು ತುದಿಯ ಮಹಡಿ ಮನೆಯದು. ಹೊಲಿಗೆಯಮ್ಮನ ಬೀದಿಯಿಂದ ಒಂದೇ ಬಸ್ಸು. ಶುಕ್ರವಾರ ಸಂಜೆ ಐದೂವರೆಗೆ ಇನ್‌ಸ್ಪೆಕ್ಟರ್, ಮೀಸೆ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಮೆಟ್ಟಿಲು ಹತ್ತಿದರು. ಪಂಚಸಾಕ್ಷಿಗಳಾಗಿ ಕೆಳಗಿನ ದಿನಸಿ ಅಂಗಡಿಯವನೂ ಎದುರು ಮನೆಯ ನಿವೃತ್ತ ಮೇಷ್ಟರೂ ಬಂದರು.

ಬಾಗಿಲು ತೆಗೆದವಳು ದಪ್ಪ ಮೂಳೆಯ, ನಲವತ್ತೈದು ದಾಟಿದ ಹೆಂಗಸು. ಪೊಲೀಸರನ್ನು ನೋಡಿ ಬೆದರಲಿಲ್ಲ, ಗೋಡೆಯ ಗಡಿಯಾರ ನೋಡಿದಳು.

"ಆರು ಗಂಟೆಗೆ ನನಗೊಂದು ಫೋನ್ ಮಾಡೋದಿದೆ," ಎಂದಳು. "ಅಮ್ಮ ಕಾಯ್ತಿರ್ತಾರೆ. ಮಾಡಿ ಬಂದ್ಬಿಡ್ತೀನಿ."

ಆ ದೊಡ್ಡ ಮೈಯಿಂದ ಬಂದದ್ದು ತೆಳುವಾದ, ಕೊನೆಯಲ್ಲಿ ಮೇಲಕ್ಕೇಳುವ ದನಿ. ಫೋನಿನಲ್ಲಲ್ಲ, ಎದುರಿಗೆ, ಬರಿ ಬಾಯಿಯಿಂದ. ಮೇಷ್ಟರು ಒಂದು ಹೆಜ್ಜೆ ಹಿಂದೆ ಸರಿದರು.

"ಇವರು ಮಾತಾಡೋದೇ ಹೀಗಾ?" ಇನ್‌ಸ್ಪೆಕ್ಟರ್ ಅಂಗಡಿಯವನನ್ನು ಪಿಸುದನಿಯಲ್ಲಿ ಕೇಳಿದಳು.

"ಬಂದಾಗಿಂದ ಹೀಗೇ, ಮೇಡಂ. ಏನೋ ಮಗು ಥರ ಮಾತಾಡ್ತಾರಲ್ಲ ಅಂತ ನಾವೇ ಅಂದ್ಕೊಳ್ತಿದ್ವಿ."

ಶೋಧನೆ ನಡೆಯಿತು. ಒಳಕೋಣೆಯ ಬೀರುವಿನ ಅಡ್ಡಹಲಗೆಗಳನ್ನು ತೆಗೆದು ಅದರೊಳಗೆ ಒಂದು ಮೋಟು ಸ್ಟೂಲು ಇಟ್ಟಿದ್ದಳು. ಸುತ್ತ ಹೆಣ್ಣುಡುಗೆಗಳು ತೂಗುತ್ತಿದ್ದವು. ಯಾವುದೂ ಅವಳ ಅಳತೆಯದಲ್ಲ. ಸ್ಟೂಲಿನ ಮೇಲೆ ಗುಬ್ಬಿಯ ಫೋನು. ಉಡುಗೆಗಳ ಹಿಂದೆ ಎರಡು ಪಾಸ್‌ಪೋರ್ಟು, ಒಂದು ಗುಬ್ಬಿಯದು, ಇನ್ನೊಂದು ಬಾಗಿಲು ತೆಗೆದವಳದು, ಅಳಿಯನ ಅಕ್ಕನದು. ಎಲ್ಲವನ್ನೂ ಪಂಚನಾಮೆಯಲ್ಲಿ ಬರೆದು, ಫೋನನ್ನು ಲಕೋಟೆಗೆ ಹಾಕುವಷ್ಟರಲ್ಲಿ ಆರು ದಾಟಿತ್ತು.

ಲಕೋಟೆಯೊಳಗಿಂದ ಫೋನು ಅದುರತೊಡಗಿತು. ತೆಳು ಕಾಗದದ ಮೂಲಕ ಬೆಳಕು ಕಾಣಿಸಿತು. ಅದರಲ್ಲಿ ಒಂದೇ ಪದ: ಅಮ್ಮ.

ದೊಡ್ಡಕ್ಕ ಕೈ ಚಾಚಿದಳು. ಮಹಿಳಾ ಕಾನ್‌ಸ್ಟೇಬಲ್ ಅವಳ ಮಣಿಕಟ್ಟು ಹಿಡಿದಳು. ಫೋನು ತನ್ನಷ್ಟಕ್ಕೆ ನಿಲ್ಲುವವರೆಗೂ ಅವಳು ಗೊಣಗುತ್ತಲೇ ಇದ್ದಳು, "ತಗೊಳ್ಳಿ, ಪಾಪ, ಗಾಬರಿ ಆಗ್ತಾರೆ. ತಗೊಳ್ಳಿ."

ಠಾಣೆಯಲ್ಲಿ ವಿಚಾರಣೆ.

"ಗುಬ್ಬಿ ಎಲ್ಲಿ?"

"ಓಡಿಹೋದ್ಳು."

"ಯಾರ ಜೊತೆ?"

"ಯಾರ ಜೊತೆಗೋ. ನನಗೇನು ಗೊತ್ತು."

"ಪಾಸ್‌ಪೋರ್ಟ್ ಬಿಟ್ಟು? ಫೋನ್ ಬಿಟ್ಟು?"

"ಮಾನ ಬಿಟ್ಟವಳಿಗೆ ಪಾಸ್‌ಪೋರ್ಟ್ ಯಾಕೆ? ನನ್ನ ತಮ್ಮ ಸಮುದ್ರದ ಮೇಲಿದಾನೆ. ಕೇಳಿದ್ರೆ ಹಾರ್ಕೋತಾನೆ. ಆ ಅಮ್ಮನೂ ಕುಸಿದುಹೋಗ್ತಾರೆ. ಇಬ್ಬರನ್ನೂ ಕಾಪಾಡ್ದೆ. ಅದು ತಪ್ಪಾ?"

ತೆಳು ದನಿ ಒಂದು ಸಲವೂ ಜಾರಲಿಲ್ಲ. ಕತೆ ನಂಬುವಂತೆಯೇ ಇತ್ತು. ಮರ್ಯಾದೆಗಾಗಿ ಜನ ಇದಕ್ಕಿಂತ ವಿಚಿತ್ರವಾದದ್ದನ್ನು ಮಾಡಿದ್ದನ್ನು ಇನ್‌ಸ್ಪೆಕ್ಟರ್ ಕಂಡಿದ್ದಳು. ಸೋಗಿನ ಆರೋಪಕ್ಕೆ ನೋಟಿಸ್ ಕೊಟ್ಟು, ಊರು ಬಿಡಬಾರದೆಂದು ಬರೆಸಿಕೊಂಡು ಕಳಿಸಿದಳು. ಮನೆಯೆದುರು ಕಾವಲು ಹಾಕಿಸಿದಳು.

ಹೊರದೇಶದ ಉತ್ತರ ಬುಧವಾರ ಮಧ್ಯಾಹ್ನ ಬಂತು. ಜನವರಿ ಒಂಬತ್ತರಂದು ಆ ಫೋನಿನಿಂದ ತುರ್ತು ಕರೆ ಬಂದಿತ್ತು. ಮಾತಾಡಿದವಳ ಭಾಷೆ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ತಿರುಗಿ ಕರೆ ಮಾಡಿದರೆ ಯಾರೂ ಎತ್ತಿರಲಿಲ್ಲ. ಸ್ಥಳವೂ ಸರಿಯಾಗಿ ತಿಳಿಯದೆ 'ಅರ್ಥವಾಗದ ಕರೆ' ಎಂದು ಬರೆದಿಟ್ಟಿದ್ದರು. ಮರುದಿನ ಬೆಳಿಗ್ಗೆ ಆ ಬಂದರಿನ ಒಂದು ಎತ್ತರದ ಕಟ್ಟಡದ ಹಿಂದೆ, ಹಿಮದಲ್ಲಿ, ಗುರುತು ಸಿಗದ ಹೆಂಗಸಿನ ಹೆಣ ಸಿಕ್ಕಿತ್ತು. ಪೊಲೀಸರು ಬಾಗಿಲು ಬಾಗಿಲು ತಟ್ಟಿದಾಗ ಗೊತ್ತಿದೆ ಎಂದವರು ಒಬ್ಬರೂ ಇಲ್ಲ. ಹೆಣ ಒಂದು ಸಂಖ್ಯೆಯ ಕೆಳಗೆ ಇನ್ನೂ ಶವಾಗಾರದಲ್ಲಿತ್ತು. ಜೊತೆಗೆ ಕರೆಯ ಧ್ವನಿಮುದ್ರಿಕೆಯನ್ನೂ ಕಳಿಸಿದ್ದರು.

ಕೋಣೆಯ ಬಾಗಿಲು ಹಾಕಿ ಇನ್‌ಸ್ಪೆಕ್ಟರ್ ಅದನ್ನು ಹಚ್ಚಿದಳು. ಮೀಸೆ ನಿಂತೇ ಇದ್ದ.

ಮೊದಲು ಗಾಳಿ. ಅಲ್ಲಿನ ಹೆಂಗಸೊಬ್ಬಳು ತನ್ನ ಭಾಷೆಯಲ್ಲಿ ಏನೋ ಕೇಳುತ್ತಾಳೆ. ಆಮೇಲೆ ಆ ದನಿ, ತೆಳುವಾದದ್ದು. ಒಂದು ಗಳಿಗೆ ಇಬ್ಬರಿಗೂ ದೊಡ್ಡಕ್ಕನೇ ಮಾತಾಡಿದಳು ಎನ್ನಿಸಿತು.

"ಹಲೋ… ನಂಗೆ ನಿಮ್ಮ ಭಾಷೆ ಬರಲ್ಲ. ಬಾಲ್ಕನೀಲಿದೀನಿ. ಬಾಗಿಲು ಹಾಕ್ಬಿಟ್ಟಿದಾರೆ. ಮೈಮೇಲೆ ಸ್ವೆಟರ್ ಇಲ್ಲ… ಕೈ ಮಡಚೋಕಾಗ್ತಿಲ್ಲ." ಗಾಜನ್ನು ಬಡಿಯುವ ಸದ್ದು. "ಅತ್ತಿಗೆ, ತೆಗೀರಿ ಅತ್ತಿಗೆ. ಇನ್ಮೇಲೆ ಅವ್ರನ್ನ ಬೇರೆ ಮನೆ ಮಾಡಿ ಅಂತ ಕೇಳಲ್ಲ. ತೆಗೀರಿ."

ಗಾಜಿನ ಒಳಗಿನಿಂದ ಇನ್ನೊಂದು ದನಿ ಬಂತು. ಒರಟಾದ, ಗಂಟಲು ಕಟ್ಟಿದಂಥ, ಅವರು ಎಂದೂ ಕೇಳಿರದ ದನಿ: "ನಿಮ್ಮಮ್ಮನಿಗೆ ಹೇಳ್ಕೋ ಹೋಗು."

ಮತ್ತೆ ಗಾಳಿ. ಅಲ್ಲಿನ ಹೆಂಗಸು ಕೇಳುತ್ತಲೇ ಇದ್ದಾಳೆ. ಗುಬ್ಬಿ ತನಗೇ ಹೇಳಿಕೊಂಡಂತೆ ಅಂದಳು, "ಅಮ್ಮನಿಗೆ ಬೇಡ. ಹೆದರ್ಕೋತಾಳೆ. ಪಕ್ಕದ ಬಾಲ್ಕನಿ ಹತ್ರಾನೇ ಇದೆ…" ಫೋನು ಕೆಳಗಿಟ್ಟ ಸದ್ದು. ಕಂಬಿ ಕಿರುಗುಟ್ಟಿದ ಸದ್ದು. ಆಮೇಲೆ ಗಾಳಿಯೊಂದೇ, ಕೊನೆಯವರೆಗೂ.

ಮೀಸೆ ಗೋಡೆಯ ಕಡೆ ತಿರುಗಿ ಕರವಸ್ತ್ರ ತೆಗೆದ.

ಸಂಜೆ ನಾಲ್ಕಕ್ಕೆ ದೊಡ್ಡಕ್ಕನನ್ನು ಕರೆತಂದು ಅದನ್ನೇ ಕೇಳಿಸಿದರು. ತನ್ನ ಒರಟು ದನಿ ಬಂದಾಗ ಅವಳು ಬೆಚ್ಚಿದಳು, ಗುಬ್ಬಿಯ ದನಿಗೆ ಬೆಚ್ಚಿರಲಿಲ್ಲ. ತಪ್ಪೊಪ್ಪಿಗೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಮ್ಮನಿಗೆ ದಡದ ಮೇಲೆ ಕೆಲಸ ಸಿಗುವುದರಲ್ಲಿತ್ತು. ಗಂಡ ಹೆಂಡತಿ ಬೇರೆ ಮನೆ ಮಾಡುವ ಯೋಚನೆಯಲ್ಲಿದ್ದರು. ಬುದ್ಧಿ ಬರಲಿ ಎಂದು ಸ್ವಲ್ಪ ಹೊತ್ತು ಚಿಲಕ ಹಾಕಿದ್ದಳು, ಅಷ್ಟೇ. ತೆಗೆಯುವಷ್ಟರಲ್ಲಿ ಬಾಲ್ಕನಿಯಲ್ಲಿ ಫೋನು ಮಾತ್ರ ಇತ್ತು. ತಮ್ಮ ತನ್ನ ಮುಖ ನೋಡುವುದಿಲ್ಲ ಎಂಬ ಭಯಕ್ಕೆ ಉಳಿದದ್ದೆಲ್ಲ ನಡೆಯಿತು.

"ಮೆಸೇಜ್ ಸಾಕಿತ್ತು. ಫೋನ್ ಬಿಸಾಕಿದ್ರೂ ಆಗ್ತಿತ್ತು," ಎಂದಳು ಇನ್‌ಸ್ಪೆಕ್ಟರ್. "ದಿನಾ ಯಾಕೆ ಮಾಡ್ತಿದ್ರಿ? ಸಿಕ್ಕಿಬಿದ್ದಿದ್ದೇ ಅದರಿಂದ."

ದೊಡ್ಡಕ್ಕ ಬೆರಳುಗಳನ್ನು ನೋಡಿಕೊಂಡಳು. "ಮೊದಲನೇ ದಿನ ಭಯಕ್ಕೆ ಮಾಡಿದ್ದು. ಅವರಿಗೆ ಗುಂಡಿ ಫೋನು, ಮೆಸೇಜ್ ಓದೋಕೆ ಬರಲ್ಲ. ಆ ಅಮ್ಮ ಊಟ ಆಯ್ತಾ ಮಗು ಅಂದ್ರು. ನಮ್ಮಮ್ಮ ಸಾಯೋವಾಗ ನನಗೆ ಹದಿಮೂರು, ತಮ್ಮ ಕೈಗೂಸು. ಆವತ್ತಿಂದ ಎಲ್ಲರ ಊಟ ನಾನು ಕೇಳ್ದೆ. ನನ್ನದನ್ನ ಯಾರೂ ಕೇಳಿರಲಿಲ್ಲ. ತಲೆನೋವು ಅಂದೆ, ಎಣ್ಣೆ ಹಚ್ಕೋ ಅಂದ್ರು. ಆಮೇಲೆ ಬಿಡೋಕಾಗ್ಲಿಲ್ಲ."

ಹೊರದೇಶದಲ್ಲಿ ನಡೆದ ಸಾವಿನ ಆರೋಪಕ್ಕೆ ಮೇಲಿನವರ ಅನುಮತಿ ಬೇಕಿತ್ತು. ಅದಕ್ಕೆ ಬರೆದು, ಸಾಕ್ಷ್ಯನಾಶ ಮತ್ತು ಸೋಗಿನ ಮೇಲೆ ಬಂಧನ ದಾಖಲಿಸಿದಾಗ ಐದು ದಾಟಿತ್ತು. ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಕರೆದೊಯ್ಯುವಾಗ ಅವಳು ಗಡಿಯಾರದ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು.

ಹೊಲಿಗೆಯಮ್ಮನಿಗೆ ಹೇಳುವ ಕೆಲಸವನ್ನು ಇನ್‌ಸ್ಪೆಕ್ಟರ್ ಬೇರೆ ಯಾರಿಗೂ ಒಪ್ಪಿಸಲಿಲ್ಲ. ಆಗಲೇ ಅವಳ ಮನೆಗೆ ಹೋಗಿ, ನೆಲದ ಮೇಲೆ ಪಕ್ಕದಲ್ಲಿ ಕೂತು, ಗುಬ್ಬಿ ಎಲ್ಲಿದ್ದಾಳೆ, ಯಾವಾಗಿನಿಂದ ಇದ್ದಾಳೆ, ಯಾವಾಗ ಮನೆಗೆ ತರಿಸಬಹುದು, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಕೊನೆಗೆ, ದಿನಾ ಫೋನ್ ಮಾಡುತ್ತಿದ್ದವಳು ಯಾರು, ಯಾಕೆ ಎಂಬುದನ್ನೂ. ಹೊಲಿಗೆಯಮ್ಮ ಅಳಲಿಲ್ಲ. ಮಷೀನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಮಷೀನಿನ ಮೇಲಿದ್ದ ಫೋನು ಸುಮ್ಮನಿತ್ತು. ಆರು ಗಂಟೆ ಬಂತು, ಹೋಯಿತು.

ಹೊರಗೆ ಕತ್ತಲಾದ ಮೇಲೆ ಅವಳು ಕೇಳಿದಳು:

"ಆ ಹೆಂಗಸಿನ ಸ್ವಂತ ದನಿ ಹೇಗಿದೆ?"

ಗಾಜಿನ ಹಿಂದಿನಿಂದ ಬಂದ ಮೂರು ಪದಗಳನ್ನು ಬಿಟ್ಟರೆ ಇನ್‌ಸ್ಪೆಕ್ಟರ್ ಅದನ್ನು ಕೇಳಿಯೇ ಇರಲಿಲ್ಲ. ಒಪ್ಪಿಕೊಂಡಾಗಲೂ, ಅಮ್ಮ ಸತ್ತದ್ದನ್ನು ಹೇಳಿದಾಗಲೂ ದೊಡ್ಡಕ್ಕ ಮಾತಾಡಿದ್ದು ಗುಬ್ಬಿಯ ದನಿಯಲ್ಲೇ.

"ಗೊತ್ತಿಲ್ಲಮ್ಮ," ಎಂದಳು.